ಮೋರಿಗೆ ಬೆನ್ನು ಹಾಕಿದ ಗೋಡೆ

ಈ ಕಟ್ಟಡದ ಕಥೆ ಮೂಗಿನಿಂದ ಶುರುವಾಗುತ್ತದೆ.

ದೊಮ್ಮಲೂರು ಎರಡನೇ ಹಂತದಲ್ಲಿ ಉದ್ದಕ್ಕೆ ಚಾಚಿಕೊಂಡ, ಅಗಲ ಕಡಿಮೆಯ ಒಂದು ನಿವೇಶನ. ಪಕ್ಕದಲ್ಲೇ ತೆರೆದ ಮೋರಿ. ಬೆಂಗಳೂರಿನ ಇಂಥ ಮೋರಿಗಳಲ್ಲಿ ಹೆಚ್ಚಿನವು ಹಿಂದೆ ಕೆರೆಯಿಂದ ಕೆರೆಗೆ ಮಳೆನೀರು ಸಾಗಿಸುತ್ತಿದ್ದ ಕಾಲುವೆಗಳು. ದೊಮ್ಮಲೂರಿಗೂ ಒಂದು ಕೆರೆಯಿತ್ತು, ಅದೀಗ ಬಡಾವಣೆ. ಕೆರೆ ಹೋದರೂ ನೆಲದ ಇಳಿಜಾರು ಹೋಗಲಿಲ್ಲ, ಈ ಕಡೆಯ ನೀರು ಇಂದಿಗೂ ಚಲ್ಲಘಟ್ಟ ಕಣಿವೆ ಹಿಡಿದು ಬೆಳ್ಳಂದೂರು ಕೆರೆಗೇ ಇಳಿಯುತ್ತದೆ. ಮಳೆನೀರು ಹರಿಯುತ್ತಿದ್ದಲ್ಲಿ ಬಚ್ಚಲ ನೀರು ಹರಿದರೆ ಅದರೊಳಗಿನ ಆಮ್ಲಜನಕ ಬೇಗ ಮುಗಿದುಹೋಗುತ್ತದೆ. ಆಮ್ಲಜನಕವಿಲ್ಲದೆ ಬದುಕಬಲ್ಲ ಬ್ಯಾಕ್ಟೀರಿಯಾಗಳು ಆಗ ಮೇಲುಗೈ ಪಡೆದು, ನೀರಿನಲ್ಲಿ ಕರಗಿದ ಸಲ್ಫೇಟನ್ನು ಬಳಸಿಕೊಂಡು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಹೊರಬಿಡುತ್ತವೆ. ಕೊಳೆತ ಮೊಟ್ಟೆಯ ನಾತ ಅದರದೇ. ಗಾಳಿಯ ನೂರು ಕೋಟಿ ಅಣುಗಳ ನಡುವೆ ಅದರ ಹತ್ತಿಪ್ಪತ್ತು ಅಣು ಸೇರಿದರೂ ಸಾಕು, ನಮ್ಮ ಮೂಗು ಹಿಡಿದುಬಿಡುತ್ತದೆ.

ಈ ನಿವೇಶನದಲ್ಲಿ ಕಚೇರಿ ಕಟ್ಟಬೇಕಿದ್ದುದು ಟೆರಿ ಸಂಸ್ಥೆಗೆ. 1974ರಲ್ಲಿ ಟಾಟಾ ಇಂಧನ ಸಂಶೋಧನಾ ಸಂಸ್ಥೆಯಾಗಿ ಹುಟ್ಟಿ, 2003ರಿಂದ ‘ದಿ ಎನರ್ಜಿ ಅಂಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್’ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಸಂಸ್ಥೆ ಅದು. ವಿದ್ಯುತ್ ಉಳಿಸುವ ಬಗ್ಗೆ ಊರಿಗೆಲ್ಲ ಹೇಳುವವರು ತಮ್ಮ ಕಚೇರಿಯನ್ನೇ ಎಸಿಯಿಂದ ತುಂಬುವಂತಿರಲಿಲ್ಲ. ಎಸಿ ಬೇಡವೆಂದರೆ ಗಾಳಿ ಬೇಕು. ಆದರೆ ಇಲ್ಲಿ ದಕ್ಷಿಣದಿಂದ ಬೀಸುವ ಗಾಳಿ ಮೋರಿಯ ನಾತವನ್ನೂ ಹೊತ್ತು ತರುತ್ತಿತ್ತು. ಕಿಟಕಿ ತೆರೆದರೆ ಮೂಗು ಮುಚ್ಚಿಕೊಳ್ಳಬೇಕು, ಕಿಟಕಿ ಮುಚ್ಚಿದರೆ ಬೆವರಬೇಕು.

ವಾಸ್ತುಶಿಲ್ಪಿ ಸಂಜಯ ಮೋಹೆ ಹಿಡಿದ ದಾರಿ ನನಗೆ ಇಂದಿಗೂ ಬೆಂಗಳೂರಿನ ಅತ್ಯಂತ ದಿಟ್ಟ ನಿರ್ಧಾರಗಳಲ್ಲಿ ಒಂದಾಗಿ ಕಾಣುತ್ತದೆ. ಅವರು ದಕ್ಷಿಣಕ್ಕೆ ಕಿಟಕಿಯನ್ನೇ ಇಡಲಿಲ್ಲ. ಆ ದಿಕ್ಕಿಗೆ ಇಡೀ ಕಟ್ಟಡ ಬೆನ್ನು ಹಾಕಿ ನಿಂತಿತು. ಉತ್ತರಕ್ಕೆ ಮಾತ್ರ ಧಾರಾಳವಾಗಿ ತೆರೆದುಕೊಂಡಿತು. ಅಲ್ಲಿ ಹಸಿರು, ಅಲ್ಲಿಂದ ಗಾಳಿ; ಮೇಲೆ ಬೆಳಕಿಂಡಿಗಳು, ಚಾವಣಿಯ ಮೇಲೆ ಮಣ್ಣು ಹರಡಿ ಬೆಳೆಸಿದ ತೋಟ. ಇಷ್ಟಾದ ಮೇಲೆ ಆ ದಕ್ಷಿಣದ ಗೋಡೆಗೆ ಹಾಕಿದ ಕಲ್ಲು ಯಾವುದು? ಕಪ್ಪು ಕಡಪ ಕಲ್ಲು. ಅಡುಗೆಮನೆ ಕಟ್ಟೆಗೂ ಗೂಡಿನ ಹಲಗೆಗೂ ನಾವೆಲ್ಲ ಹಾಕಿಸುವ ಅದೇ ಚಪ್ಪಡಿ.

ಮಧ್ಯಾಹ್ನದ ಬಿಸಿಲಿನಲ್ಲಿ ಕಪ್ಪು ಕಲ್ಲಿನ ಮೇಲೆ ಬರಿಗಾಲಿಟ್ಟವರಿಗೆ ಈ ಆಯ್ಕೆ ಅರ್ಥವಾಗುವುದು ಕಷ್ಟ. ತಂಪು ಬೇಕಾದರೆ ಸುಣ್ಣ ಬಳಿಯಬೇಕು, ಬಿಳಿ ಹೆಂಚು ಹಾಕಬೇಕು. ಬಿಸಿಲಿನ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ನುಂಗಿಕೊಳ್ಳುವ ಕಪ್ಪು ಕಲ್ಲನ್ನು ಸೂರ್ಯನ ಎದುರಿಗೇ ನಿಲ್ಲಿಸುವುದೇಕೆ? ಇದಕ್ಕೆ ಉತ್ತರ ಒಂದು ಊದುಬತ್ತಿಯಲ್ಲಿದೆ.

ನಮ್ಮ ಮನೆಯ ಮೆಟ್ಟಿಲು ತಾರಸಿಯವರೆಗೆ ನೇರ ಏರುತ್ತದೆ. ಮಧ್ಯಾಹ್ನ ಎರಡರ ಹೊತ್ತಿಗೆ ಮೆಟ್ಟಿಲ ಕೋಣೆ ಕಾದಿರುತ್ತದೆ, ಪಕ್ಕದ ಅಡುಗೆಮನೆ ಅಷ್ಟು ಕಾದಿರುವುದಿಲ್ಲ. ಎರಡರ ನಡುವಿನ ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದು, ಹೊಸ್ತಿಲ ಹತ್ತಿರ ಊದುಬತ್ತಿ ಹಿಡಿದೆ. ಹೊಗೆ ನೆಲದ ಗುಂಟ ಬಾಗಿ, ಅಡುಗೆಮನೆಯಿಂದ ಮೆಟ್ಟಿಲ ಕೋಣೆಗೆ ಸರಸರನೆ ನುಗ್ಗಿತು. ಬತ್ತಿಯನ್ನು ಬಾಗಿಲ ಮೇಲುತುದಿಗೆ ಎತ್ತಿ ಹಿಡಿದೆ. ಹೊಗೆ ತಿರುಗಿಬಿತ್ತು, ಮೆಟ್ಟಿಲ ಕೋಣೆಯಿಂದ ಅಡುಗೆಮನೆಗೆ ಹರಿಯತೊಡಗಿತು. ನಡುವೆ, ಸುಮಾರು ಎದೆಯೆತ್ತರದಲ್ಲಿ, ಅದು ಯಾವ ಕಡೆಗೂ ವಾಲದೆ ಎಳೆಯಂತೆ ನೆಟ್ಟಗೆ ಮೇಲೇರಿತು. ಒಂದೇ ಬಾಗಿಲ ಸಂದಿಯಲ್ಲಿ ಎರಡು ನದಿಗಳು, ನಡುವೆ ಒಂದು ನಿಶ್ಚಲ ರೇಖೆ. ಭೌತವಿಜ್ಞಾನದಲ್ಲಿ ಇದಕ್ಕೆ ತಟಸ್ಥ ತಲ ಎನ್ನುತ್ತಾರೆ.

ಕಾರಣ ತೂಕ. ಗಾಳಿಗೆ ತೂಕವಿಲ್ಲ ಎಂಬುದು ನಮ್ಮ ಭ್ರಮೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿ ಮಂಗಳೂರಿನದಕ್ಕಿಂತ ತುಸು ಹಗುರ, ಆದರೂ ಒಂದು ಘನ ಮೀಟರ್ ಗಾಳಿ ಒಂದು ಕಿಲೋಗ್ರಾಂಗಿಂತ ಹೆಚ್ಚೇ ತೂಗುತ್ತದೆ. ಹತ್ತು ಮೀಟರ್ ಎತ್ತರದ, ಒಂದು ಚದರ ಮೀಟರ್ ಅಡ್ಡಳತೆಯ ಗಾಳಿಯ ಕಂಬವನ್ನು ಊಹಿಸಿಕೊಳ್ಳಿ. 25 ಡಿಗ್ರಿಯಲ್ಲಿ ಅದರ ತೂಕ ಹತ್ತೂವರೆ ಕಿಲೋ ದಾಟುತ್ತದೆ. ಅದೇ ಕಂಬವನ್ನು ಹತ್ತು ಡಿಗ್ರಿ ಬಿಸಿ ಮಾಡಿದರೆ ಗಾಳಿ ಹಿಗ್ಗಿ, ತೂಕ ಸುಮಾರು 350 ಗ್ರಾಂ ಇಳಿಯುತ್ತದೆ. ಬಿಸಿ ಕಂಬವನ್ನು ಮೇಲಕ್ಕೆ ತಳ್ಳುವ ಬಲ ಇಷ್ಟೇ: ಚದರ ಮೀಟರಿಗೆ 350 ಗ್ರಾಂ. ಜೆರಾಕ್ಸ್ ಅಂಗಡಿಯ ಹಾಳೆಗಳನ್ನು ಒಂದರ ಮೇಲೊಂದು ನಾಲ್ಕೈದು ಇಟ್ಟರೆ ಕೆಳಗಿನ ಮೇಜಿನ ಮೇಲೆ ಎಷ್ಟು ಒತ್ತಡ ಬೀಳುತ್ತದೋ ಅಷ್ಟು.

ನಾಲ್ಕೈದು ಕಾಗದದ ಹಾಳೆ! ಈ ಲೆಕ್ಕವನ್ನು ಮೊದಲ ಸಲ ಮಾಡಿದಾಗ ನಾನು ಎಲ್ಲೋ ಸೊನ್ನೆ ತಪ್ಪಿಸಿದ್ದೇನೆ ಎಂದುಕೊಂಡೆ. ತಪ್ಪಿರಲಿಲ್ಲ. ಗಾಳಿಯೂ ಅಷ್ಟೇ ಹಗುರವಾದ್ದರಿಂದ ಆ ಬಲವೇ ಅದಕ್ಕೆ ಸಾಕು. ಅಡೆತಡೆ ಏನೂ ಇಲ್ಲದಿದ್ದರೆ ಅದು ಸೆಕೆಂಡಿಗೆ ಎರಡೂವರೆ ಮೀಟರ್ ವೇಗದವರೆಗೆ ಏರಬಲ್ಲದು. ನಿಜವಾದ ಕಟ್ಟಡದಲ್ಲಿ ಬಾಗಿಲು, ತಿರುವು, ಜಾಲರಿಗಳೆಲ್ಲ ತಡೆಯೊಡ್ಡುವುದರಿಂದ ವೇಗ ಬಹಳ ಕಡಿಮೆಯಾಗುತ್ತದೆ, ಆದರೆ ಮೇಜಿನ ಮೇಲಿನ ಕಾಗದ ಅಲುಗಾಡುವಷ್ಟು ಗಾಳಿ ಉಳಿಯುತ್ತದೆ. ನಮ್ಮ ಹಿರಿಯರು ಬಚ್ಚಲ ಒಲೆಯ ಮೇಲೆ ಹೊಗೆಗೂಡು ಕಟ್ಟಿದ್ದು ಈ ಬಲವನ್ನೇ ನಂಬಿ. ಹೊಗೆಗೂಡು ಎತ್ತರವಿದ್ದಷ್ಟೂ ಒಲೆ ಚೆನ್ನಾಗಿ ಉರಿಯುತ್ತದೆ ಎಂದು ಅವರಿಗೆ ತಿಳಿದಿತ್ತು. ಲೆಕ್ಕದಲ್ಲೂ ಹಾಗೆಯೇ: ಎತ್ತರ ಇಮ್ಮಡಿಯಾದರೆ ಬಲ ಇಮ್ಮಡಿ, ಬಿಸಿಯ ಅಂತರ ಇಮ್ಮಡಿಯಾದರೂ ಬಲ ಇಮ್ಮಡಿ.

ಈಗ ಮತ್ತೆ ಕಪ್ಪು ಗೋಡೆಗೆ ಬನ್ನಿ. ಅದು ಒಂದು ಗೋಡೆಯಲ್ಲ, ಎರಡು. ನಡುವೆ ಗಾಳಿಗೆ ಬಿಟ್ಟ ಸಂದು. ಹೊರಗಿನ ಕಡಪ ಕಲ್ಲು ಬಿಸಿಲಿಗೆ ಕಾಯುತ್ತದೆ. ಸಂದಿನೊಳಗಿನ ಗಾಳಿ ಕಾದು ಹಗುರಾಗಿ ಮೇಲೇರಿ, ನೆತ್ತಿಯ ಕಂಡಿಗಳಿಂದ ಹೊರಬೀಳುತ್ತದೆ. ಖಾಲಿಯಾದ ಜಾಗಕ್ಕೆ ಒಳಗಿನ ಕಚೇರಿಯ ಗಾಳಿ ನುಗ್ಗುತ್ತದೆ, ಕಚೇರಿಗೆ ಉತ್ತರದ ತೋಟದ ಗಾಳಿ ಬರುತ್ತದೆ. ಒಳಗಿನ ಗೋಡೆ, ಕಲ್ಲಿನ ಬಿಸಿ ಕೋಣೆಗೆ ತಟ್ಟದಂತೆ ತಡೆಯುತ್ತದೆ. ಅಂದರೆ ಆ ಕಲ್ಲು ಕಾಯಲೇಬೇಕು. ಎಷ್ಟು ಕಾದರೆ ಅಷ್ಟು ಸೆಳೆತ. ಬೀಸುವ ಗಾಳಿ ದಕ್ಷಿಣದಿಂದ ಬರುತ್ತಿದ್ದರೂ ಕಟ್ಟಡದೊಳಗಿನ ಗಾಳಿ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಮೋರಿಯ ನಾತ ತಪ್ಪಿತು, ಬೆವರೂ ತಪ್ಪಿತು. ಕಪ್ಪು ಬಣ್ಣ ಇಲ್ಲಿ ಅಂದಕ್ಕಲ್ಲ. ಬಿಸಿಲನ್ನೇ ಇಂಧನ ಮಾಡಿಕೊಂಡ ಎಂಜಿನ್ನಿನ ಚರ್ಮ ಅದು.

ಇದೇ ಉಪಾಯವನ್ನು ಬೆಂಗಳೂರಿನ ಇನ್ನೊಬ್ಬ ಕಟ್ಟಡಗಾರ ಮನುಷ್ಯರಿಗಿಂತ ಬಹಳ ಮೊದಲೇ ಬಳಸಿದ್ದಾನೆ. ಗೆದ್ದಲು! ಹಂಟರ್ ಕಿಂಗ್, ಸ್ಯಾಮ್ಯುಯೆಲ್ ಒಕೊ ಮತ್ತು ಎಲ್. ಮಹಾದೇವನ್ ಈ ಊರಿನ ಹುತ್ತಗಳೊಳಗೆ ಗಾಳಿಯ ವೇಗವನ್ನು ಅಳೆದು 2015ರಲ್ಲಿ ಪ್ರಕಟಿಸಿದರು. ಒಡೊಂಟೊಟರ್ಮಿಸ್ ಒಬೆಸಸ್ ಎಂಬ ಜಾತಿಯ ಗೆದ್ದಲು ಕಟ್ಟುವ ಹುತ್ತಕ್ಕೆ ಸುತ್ತಲೂ ತೆಳುವಾದ ಏಣುಗಳಿರುತ್ತವೆ, ಗೋಪುರದ ಮಡಿಕೆಗಳಂತೆ. ಹಗಲಲ್ಲಿ ಈ ಏಣುಗಳು ಹುತ್ತದ ನಡುಭಾಗಕ್ಕಿಂತ ಬೇಗ ಕಾಯುತ್ತವೆ. ಗಾಳಿ ಏಣುಗಳಲ್ಲಿ ಮೇಲೇರಿ, ನಡುವಿನ ಕೊಳವೆಯಲ್ಲಿ ಕೆಳಗಿಳಿಯುತ್ತದೆ. ರಾತ್ರಿ ಏಣುಗಳು ಬೇಗ ತಣ್ಣಗಾಗಿ, ಹರಿವು ತಿರುಗುಮುರುಗಾಗುತ್ತದೆ. ವೇಗ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್. ಗೂಡಿನ ಉಸಿರಾಟಕ್ಕೆ ಅಷ್ಟು ಸಾಕು. ತೆಳುವಾದ ಹೊರಮೈ ಕಾಯಲಿ, ಒಳಗಿನ ಜೀವ ಉಸಿರಾಡಲಿ ಎನ್ನುವ ಈ ಏರ್ಪಾಟಿಗೂ ದೊಮ್ಮಲೂರಿನ ಗೋಡೆಗೂ ಇರುವ ಹೋಲಿಕೆ ನೋಡಿ ನನಗೆ ಮೈ ಜುಮ್ಮೆನ್ನುತ್ತದೆ. ಜಿಂಬಾಬ್ವೆಯ ಹರಾರೆಯಲ್ಲಿ ಮಿಕ್ ಪಿಯರ್ಸ್ 1996ರಲ್ಲಿ ಮುಗಿಸಿದ ಈಸ್ಟ್‌ಗೇಟ್ ಸೆಂಟರ್ ಎಂಬ ವಾಣಿಜ್ಯ ಕಟ್ಟಡವಂತೂ ಹುತ್ತವನ್ನೇ ಗುರುವೆಂದು ಹೇಳಿಕೊಂಡು ಜಗತ್ತಿನಲ್ಲೆಲ್ಲ ಹೆಸರಾಯಿತು. ಹುತ್ತ ನೋಡಲು ನಾವು ಅಷ್ಟು ದೂರ ಹೋಗಬೇಕಿಲ್ಲ.

ಆದರೆ ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಮಧ್ಯಾಹ್ನ ಸೂರ್ಯ ದಕ್ಷಿಣಕ್ಕೆ ವಾಲಿರುವಾಗ ದಕ್ಷಿಣದ ಗೋಡೆಯ ಪ್ರತಿ ಚದರ ಮೀಟರಿಗೆ 500 ವಾಟ್‌ಗೂ ಹೆಚ್ಚು ನೇರ ಬಿಸಿಲು ಬೀಳುತ್ತದೆ. ಮಾರ್ಚ್ ಹೊತ್ತಿಗೆ ಸೂರ್ಯ ಮೇಲೇರಿ, ಅದು ಸುಮಾರು 200ಕ್ಕೆ ಇಳಿಯುತ್ತದೆ. ಏಪ್ರಿಲ್ 24–25ರ ಸುಮಾರಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಊರಿನ ಮಕ್ಕಳು ಶಾಲೆಯ ಅಂಗಳದಲ್ಲಿ ಕೋಲು ನೆಟ್ಟು ಶೂನ್ಯ ನೆರಳಿನ ದಿನ ಆಚರಿಸುವುದು ಆಗಲೇ. ಆ ಮಧ್ಯಾಹ್ನ ದಕ್ಷಿಣದ ಗೋಡೆಗೆ ನೇರ ಬಿಸಿಲು ಬರೀ ಸೊನ್ನೆ. ಅಲ್ಲಿಂದ ಆಗಸ್ಟ್ 18ರವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೇ ಇರುತ್ತಾನೆ. ಬೆಂಗಳೂರಿನ ತಾಪಮಾನದ ದಾಖಲೆ 39.2 ಡಿಗ್ರಿ ಮುಟ್ಟಿದ್ದು 2016ರ ಏಪ್ರಿಲ್ 24ರಂದು. ಅಂದರೆ ಗಾಳಿ ತೀರಾ ಬೇಕಾದ ದಿನಗಳಲ್ಲೇ ಈ ಎಂಜಿನ್ನಿಗೆ ಇಂಧನ ಕಡಿಮೆ.

ಹಾಗಾದರೆ ಗೋಡೆ ಆಗ ಕೈಚೆಲ್ಲುತ್ತದೆಯೇ? ಇಲ್ಲ, ಅದಕ್ಕೆ ಇನ್ನೊಂದು ಆಸರೆಯಿದೆ. ಬೀಸುವ ಗಾಳಿ ಕಿಟಕಿಯಿಲ್ಲದ ಗೋಡೆಗೆ ಬಡಿದರೆ ಒಳಗೆ ಹೋಗಲಾರದೆ ಮೇಲಕ್ಕೆ ಹತ್ತಿ, ಚಾವಣಿಯ ಅಂಚನ್ನು ದಾಟುವಾಗ ವೇಗ ಹೆಚ್ಚಿಸಿಕೊಳ್ಳುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ಕಡಿಮೆ. ಗಾಳಿಮಳೆಯ ದಿನ ಶೀಟಿನ ಸೂರು ಹಾರಿಹೋಗುವುದು ಹೆಚ್ಚಾಗಿ ಮೇಲಿನ ಈ ಸೆಳೆತದಿಂದ. ಸೆಕೆಂಡಿಗೆ ಮೂರು ಮೀಟರ್ ವೇಗದ ಸಾಧಾರಣ ತಂಗಾಳಿ ಹುಟ್ಟಿಸುವ ಒತ್ತಡವೂ ನಮ್ಮ ನಾಲ್ಕೈದು ಹಾಳೆಯಷ್ಟೇ ಇದೆ. ನೆತ್ತಿಯ ಕಂಡಿ ಸರಿಯಾದ ಜಾಗದಲ್ಲಿದ್ದರೆ ಬಿಸಿಲು ಸೋತಾಗ ಗಾಳಿಯೇ ಹೀರುವ ಪಂಪಾಗುತ್ತದೆ.

ಇಲ್ಲಿಂದ ಒಳ ವರ್ತುಲ ರಸ್ತೆಯ ಕಡೆಗೆ, ಹಳೇ ವಿಮಾನ ನಿಲ್ದಾಣ ರಸ್ತೆಯ ಕಡೆಗೆ ನಡೆದರೆ ದೊಮ್ಮಲೂರಿನ ಇನ್ನೊಂದು ಮುಖ ಸಿಗುತ್ತದೆ: ನೆಲದಿಂದ ನೆತ್ತಿಯವರೆಗೆ ಗಾಜು ಹೊದ್ದ ಕಚೇರಿಗಳು. ಸಂಜೆಯ ಬೆಳಕಿನಲ್ಲಿ ಅವು ಹೊಳೆಯುವುದು ನಿಜಕ್ಕೂ ಸುಂದರ. ಕಷ್ಟ ಇರುವುದು ಪಶ್ಚಿಮದ ಮುಖದಲ್ಲಿ. ದಕ್ಷಿಣದ ಗೋಡೆಗೆ ಬೇಸಿಗೆಯಲ್ಲಿ ಒಂದು ಸಜ್ಜೆ ಸಾಕು, ನೆರಳು ಸಿಗುತ್ತದೆ. ಪಶ್ಚಿಮಕ್ಕೆ ಸಜ್ಜೆ ನಡೆಯುವುದಿಲ್ಲ, ಇಳಿಸೂರ್ಯ ಅದರ ಅಡಿಯಿಂದ ನೇರ ಒಳಗೆ ಇಣುಕುತ್ತಾನೆ. ಏಪ್ರಿಲ್‌ನ ಸಂಜೆ ನಾಲ್ಕು ಗಂಟೆಗೆ ಪಶ್ಚಿಮದ ಒಂದು ಚದರ ಮೀಟರಿನ ಮೇಲೆ 700 ವಾಟ್‌ನಷ್ಟು ಬಿಸಿಲು ಬೀಳಬಹುದು. ಅದರಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಸಾದಾ ಗಾಜು ಒಳಗೆ ಬಿಡುತ್ತದೆ. ಒಳಗೆ ಮೇಜು, ಕುರ್ಚಿ, ನೆಲ ಕಾದು ಹೊರಡಿಸುವ ಉದ್ದ ಅಲೆಯ ಶಾಖವನ್ನು ಮಾತ್ರ ಗಾಜು ಹೊರಗೆ ಬಿಡುವುದಿಲ್ಲ. ಬಿಸಿಯಾದ ಗಾಳಿಗೂ ಹೋಗಲು ದಾರಿಯಿಲ್ಲ.

ಎಸಿ ಅಂಗಡಿಯಲ್ಲಿ ‘ಒಂದು ಟನ್’ ಎನ್ನುವುದು ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವ ಶಾಖದ ಲೆಕ್ಕ, ಸುಮಾರು 3,500 ವಾಟ್. ಭಾಗಿಸಿ ನೋಡಿ. ಎರಡು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಒಂದು ಸಾದಾ ಗಾಜಿನ ಹಲಗೆ ತರುವ ಬಿಸಿಲನ್ನು ಹೊರಹಾಕಲಿಕ್ಕೇ ಹೆಚ್ಚುಕಡಿಮೆ ಒಂದು ಟನ್ ಎಸಿ ಬೇಕು. ಲೇಪನ ಕೊಟ್ಟ ಗಾಜು ಈ ಹೊರೆಯನ್ನು ಅರ್ಧಕ್ಕಿಂತ ಕೆಳಗಿಳಿಸುತ್ತದೆ, ಹೊಸ ಕಟ್ಟಡಗಳಲ್ಲಿ ಅದನ್ನು ಬಳಸುತ್ತಾರೆ ಎಂಬುದನ್ನು ಹೇಳಲೇಬೇಕು. ಆದರೂ ಗೋಡೆಯ ಜಾಗದಲ್ಲಿ ಗಾಜು ಎಷ್ಟಿರಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ದೇಶದ ಇಂಧನ ಉಳಿತಾಯ ಕಟ್ಟಡ ಸಂಹಿತೆ 2007ರಲ್ಲಿ ಗೋಡೆಯ ನೂರರಲ್ಲಿ 60 ಭಾಗದವರೆಗೆ ಗಾಜಿಗೆ ಜಾಗ ಕೊಟ್ಟಿತ್ತು. 2017ರಲ್ಲಿ ಅದನ್ನು 40ಕ್ಕೆ ಇಳಿಸಿತು. ಅದೇ ಸಂಹಿತೆ ಬೆಂಗಳೂರನ್ನು ಇರಿಸಿರುವುದು ಸಮಶೀತೋಷ್ಣ ವಲಯದಲ್ಲಿ. ಇಡೀ ದೇಶದಲ್ಲಿ ಎಸಿ ಇಲ್ಲದೆ ಕಚೇರಿ ನಡೆಸಬಹುದಾದ ದೊಡ್ಡ ಊರು ಯಾವುದಾದರೂ ಇದ್ದರೆ ಅದು ಇದೇ. ಇಂಥ ಊರಲ್ಲಿ ಕಿಟಕಿ ತೆರೆಯಲಾಗದ ಕಟ್ಟಡ ಕಟ್ಟುವುದು ನನಗೆ ನೋವಿನ ಸಂಗತಿ.

ಈ ಊರಿನ ಹಳೆಯ ಉತ್ತರ ಗಾಜಲ್ಲ, ದಪ್ಪ. ಶಾಸನಗಳಲ್ಲಿ ತೊಂಬಲೂರು ಎಂದು ಕಾಣಿಸಿಕೊಳ್ಳುವ ದೊಮ್ಮಲೂರಿನಲ್ಲಿ ಚೋಳರ ಕಾಲದ ಚೊಕ್ಕನಾಥಸ್ವಾಮಿ ದೇವಸ್ಥಾನ ಈಗಲೂ ಇದೆ. ಒಂದು ಅಡಿ ದಪ್ಪದ ಕಗ್ಗಲ್ಲಿನ ಗೋಡೆಯನ್ನು ದಾಟಲು ಹಗಲಿನ ಬಿಸಿಗೆ ಸುಮಾರು ಆರು ಗಂಟೆ ಬೇಕು. ದಾಟುವಷ್ಟರಲ್ಲಿ ಅದರ ಏರಿಳಿತ ಐದರಲ್ಲಿ ಒಂದು ಪಾಲಿಗೆ ಕುಗ್ಗಿರುತ್ತದೆ. ಮಧ್ಯಾಹ್ನ ಎರಡರ ಝಳ ಒಳಗೆ ತಲುಪುವುದು ರಾತ್ರಿ ಎಂಟಕ್ಕೆ, ಅದೂ ಬೆಚ್ಚನೆಯ ನೆನಪಿನಂತೆ. ಆ ಹೊತ್ತಿಗೆ ಹೊರಗೆ ಊರು ತಣ್ಣಗಾಗಿರುತ್ತದೆ.

ಮೂಗು, ಚರ್ಮ ಆಯಿತು. ಕಿವಿಯ ಮಾತನ್ನೂ ಹೇಳದಿದ್ದರೆ ಈ ಅಧ್ಯಾಯಕ್ಕೆ ನ್ಯಾಯವಾಗದು. ದೊಮ್ಮಲೂರಿನ ಮಗ್ಗುಲಲ್ಲೇ ಇರುವ ಇಂದಿರಾನಗರದ 100 ಅಡಿ ರಸ್ತೆಯ ಹೋಟೆಲು, ಕಾಫಿ ಅಂಗಡಿಗಳ ಒಳಾಂಗಣ ಈಗ ಒಂದೇ ಧಾಟಿಯಲ್ಲಿ ಸಾಗುತ್ತಿದೆ: ಎತ್ತರದ ಸೂರು, ಗಿಲಾವು ಇಲ್ಲದ ಕಾಂಕ್ರೀಟ್, ಗಾಜು, ಕಬ್ಬಿಣದ ಕುರ್ಚಿ. ಕಣ್ಣಿಗೆ ದಿಟ್ಟವಾಗಿದೆ, ನನಗೂ ಇಷ್ಟವೇ. ಆದರೆ ಎದುರು ಕೂತವರ ಮಾತು ಕೇಳಿಸದೆ ಬಗ್ಗಿ ಬಗ್ಗಿ ಕಿವಿಗೊಡುತ್ತೇವೆ. 1895ರಲ್ಲಿ ಹಾರ್ವರ್ಡಿನ ಯುವ ಅಧ್ಯಾಪಕ ವಾಲೇಸ್ ಸ್ಯಾಬೀನ್‌ಗೆ ಇಂಥದೇ ಒಂದು ಉಪನ್ಯಾಸ ಕೊಠಡಿಯನ್ನು ಸರಿಪಡಿಸುವ ಕೆಲಸ ಬಿತ್ತು. ಆತ ರಾತ್ರಿ ಹೊತ್ತು ಬೇರೊಂದು ರಂಗಮಂದಿರದ ಕುರ್ಚಿ ದಿಂಬುಗಳನ್ನು ಹೊತ್ತು ತಂದು, ಒಂದೊಂದಾಗಿ ಹರಡುತ್ತ, ಸದ್ದು ಸಾಯಲು ಎಷ್ಟು ಸೆಕೆಂಡ್ ಹಿಡಿಯುತ್ತದೆ ಎಂದು ಅಳೆದ. ಅವನ ಸೂತ್ರದ ಪ್ರಕಾರ ಹತ್ತು ಮೀಟರ್ ಚೌಕದ, ನಾಲ್ಕು ಮೀಟರ್ ಎತ್ತರದ ಬರೀ ಕಾಂಕ್ರೀಟ್–ಗಾಜಿನ ಕೋಣೆಯಲ್ಲಿ ಒಂದು ಸದ್ದು ಅಡಗಲು ಸುಮಾರು ಆರು ಸೆಕೆಂಡ್ ಬೇಕು. ಅರವತ್ತು ಜನ ಕೂತರೆ ಅವರ ಮೈ, ಬಟ್ಟೆಗಳೇ ಸದ್ದನ್ನು ಹೀರಿ ಅದು ಎರಡು ಸೆಕೆಂಡಿನೊಳಕ್ಕೆ ಇಳಿಯುತ್ತದೆ. ಚಾವಣಿಗೆ ಸದ್ದು ಹೀರುವ ಹಲಗೆ ಹಾಕಿದರೆ ಅರ್ಧ ಸೆಕೆಂಡಿನ ಹತ್ತಿರ ಬರುತ್ತದೆ. ಹಾಕದಿದ್ದರೆ ಏನಾಗುತ್ತದೆಂದು 1911ರಲ್ಲಿ ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ ಗುರುತಿಸಿದ: ಗದ್ದಲದಲ್ಲಿ ಮನುಷ್ಯ ತನಗೇ ಅರಿವಿಲ್ಲದೆ ದನಿ ಏರಿಸುತ್ತಾನೆ. ಪಕ್ಕದ ಮೇಜಿನವರು ಇನ್ನೂ ಏರಿಸುತ್ತಾರೆ.

ಎಸಿಯೇ ಬೇಡ ಎಂಬ ಹಟವೂ ನನ್ನದಲ್ಲ. ಟೆರಿ ಆವರಣದಲ್ಲಿದ್ದುಕೊಂಡೇ ವರ್ಷಗಟ್ಟಲೆ ಕೆಲಸ ಮಾಡಿದ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ 2019ರಲ್ಲಿ ದೊಮ್ಮಲೂರಿನಲ್ಲೇ ತನ್ನ ಸ್ವಂತ ಕಟ್ಟಡ ತೆರೆಯಿತು. ವಿನ್ಯಾಸ ‘ಹಂಡ್ರೆಡ್‌ಹ್ಯಾಂಡ್ಸ್’ ವಾಸ್ತುಶಿಲ್ಪಿಗಳದು. ಸಂಗೀತ, ನಾಟಕ, ಚರ್ಚೆ ನಡೆಯುವ ಇಂಥ ಜಾಗಕ್ಕೆ ಸಭಾಂಗಣ ಬೇಕು, ಸಭಾಂಗಣಕ್ಕೆ ಕತ್ತಲೆ, ನಿಶ್ಶಬ್ದ ಬೇಕು. ಕಿಟಕಿ ಇಡುವಂತಿಲ್ಲ. ಸುಮ್ಮನೆ ಕೂತ ಮನುಷ್ಯ ನೂರು ವಾಟ್ ಬಲ್ಬಿನಷ್ಟು ಶಾಖ ಸೂಸುತ್ತಾನೆ. ಇನ್ನೂರು ಜನ ಸೇರಿದರೆ ಇಪ್ಪತ್ತು ಸಾವಿರ ವಾಟ್. ಅವರನ್ನು ತಂಪಾಗಿಡಲು ಹೆಚ್ಚುಕಡಿಮೆ ಆರು ಟನ್ ಎಸಿ ನ್ಯಾಯವಾಗಿಯೇ ಬೇಕು. ಅದು ಮನುಷ್ಯರ ಶಾಖಕ್ಕೆ ಕೊಟ್ಟ ಬೆಲೆ, ಗಾಜಿನ ಶಾಖಕ್ಕಲ್ಲ.

ಊದುಬತ್ತಿಯ ಪ್ರಯೋಗದ ಮರುವಾರ ನಾನು ನಮ್ಮ ಮೆಟ್ಟಿಲ ಕೋಣೆಯ ನೆತ್ತಿಯನ್ನು ಕತ್ತೆತ್ತಿ ನೋಡಿದೆ. ಅಲ್ಲಿ ಗೇಣಗಲದ ಒಂದು ಬೆಳಕಿಂಡಿ ಇತ್ತು. ಪಾರಿವಾಳದ ಕಾಟಕ್ಕೆಂದು ಅದಕ್ಕೆ ಎಂದೋ ಗಾಜು ಕೂರಿಸಿ ಸಿಮೆಂಟ್ ಮೆತ್ತಿದ್ದೆವು. ಗಾರೆಯವರನ್ನು ಕರೆಸಿ ಗಾಜು ಒಡೆಸಿ, ಸಣ್ಣ ಕಣ್ಣಿನ ತಂತಿ ಜಾಲರಿ ಹಾಕಿಸಿದೆ. ಮಾರನೇ ದಿನ ಮಧ್ಯಾಹ್ನ ಎರಡಕ್ಕೆ ಅದೇ ಬಾಗಿಲನ್ನು ಅದೇ ನಾಲ್ಕು ಬೆರಳಷ್ಟು ತೆರೆದು ಬತ್ತಿ ಹಚ್ಚಿದೆ. ಹೊಸ್ತಿಲಲ್ಲಿ ಹೊಗೆ ಮೆಟ್ಟಿಲ ಕೋಣೆಗೆ ಹೋಯಿತು, ಮೊದಲಿಗಿಂತ ಜೋರಾಗಿ. ಎದೆಯೆತ್ತರದಲ್ಲೂ ಅತ್ತಲೇ ವಾಲಿತು. ಸ್ಟೂಲ್ ಹತ್ತಿ ಬಾಗಿಲ ಮೇಲುತುದಿಗೆ ಹಿಡಿದೆ. ಅಲ್ಲೂ ಅತ್ತಲೇ. ಆ ನಿಶ್ಚಲ ರೇಖೆ ಬಾಗಿಲನ್ನು ದಾಟಿ ಮೇಲೆಲ್ಲೋ ಏರಿಹೋಗಿತ್ತು. ಹಿಂದಿನಿಂದ ಅಡುಗೆಮನೆಯ ಕಿಟಕಿಯ ಪರದೆ ಒಳಕ್ಕೆ ಉಬ್ಬಿ ನನ್ನ ಮೊಣಕೈಗೆ ತಾಗಿತು.